ನೀರಿಗಿಳಿಯದ ಹವಿಲಿ

ಕಾವೇರಿಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಹೆಂಚಿನ ಎರಡು ಮನೆ, ಒಂದು ಹೊಂಗೆ ಮರ, ನದಿಗಿಳಿಯುವ ಮೆಟ್ಟಿಲು. ಅಲ್ಲಿ ಮರಿದೇವಯ್ಯ ಎಂಬ ಗುರುಗಳಿದ್ದರು.

ಅವರ ಹತ್ತಿರ ಆಡುಮಾತಿನ ಕನ್ನಡ ಕಲಿಯಲು ಶಿಷ್ಯನಾಗಿ ಬಂದ ಹುಡುಗ ಬೇರೆ ಧರ್ಮವನ್ನು ಸಾರಲು ಬಂದವನು. ಇದನ್ನು ಕೇಳಿ ಊರವರು ಹುಬ್ಬೇರಿಸಿದರು. ಗುರುಗಳು ಏರಿಸಲಿಲ್ಲ.

ಹುಡುಗನ ಹೆಸರು ಹವಿಲಿ. ಟೋಂಗಾ ದ್ವೀಪದವನು, ಸಮುದ್ರದ ನಡುವೆ ಹುಟ್ಟಿ ಬೆಳೆದವನು. ಆಳು ಬಾಗಿಲು ತುಂಬುವಷ್ಟಿದ್ದ. ಮೀಸೆ ಮಾತ್ರ ಬರಲು ಇನ್ನೂ ಮನಸ್ಸು ಮಾಡಿರಲಿಲ್ಲ. ಮಾರ್ಮನ್ ಎಂಬ ಕ್ರೈಸ್ತ ಸಭೆಯವರು ಧರ್ಮ ಸಾರಲು ಅವನನ್ನು ಎರಡು ವರ್ಷಕ್ಕೆಂದು ಈ ಕಡೆ ಕಳಿಸಿದ್ದರು. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕರಿ ಪಟ್ಟಿ. ಪಟ್ಟಿಯ ಮೇಲೆ ‘ಎಲ್ಡರ್ ಹವಿಲಿ’ ಎಂದು ಬರೆದಿತ್ತು.

“ಎಲ್ಡರ್ ಅಂದ್ರೆ ಏನಯ್ಯ?” ಮೊದಲ ದಿನ ಗುರುಗಳು ಕೇಳಿದರು.

“ಹಿರಿಯ ಎಂದು ಅರ್ಥ, ಗುರುಗಳೇ.”

“ನೀನು?”

“ಹೌದು.”

“ಒಳ್ಳೇದಾಯ್ತು. ನಾನು ಇನ್ನೂ ಅಲ್ಲಿಗೆ ಬಂದಿಲ್ಲ. ಬಾ, ಕೂತ್ಕೋ.”

ಹವಿಲಿ ಕೂತ. ಜೊತೆಯಲ್ಲಿ ಬಂದವನೂ ಕೂತ. ಆ ಸಭೆಯ ಹುಡುಗರು ಎಲ್ಲಿಗೂ ಒಂಟಿಯಾಗಿ ಹೋಗುವಂತಿಲ್ಲ. ಏಳುವಾಗ, ಉಣ್ಣುವಾಗ, ಬೀದಿ ಸುತ್ತುವಾಗ ಜೋಡಿ ಕಣ್ಣೆದುರಿಗೇ ಇರಬೇಕು. ಹವಿಲಿಯ ಜೋಡಿಯ ಹೆಸರು ಸುಂದರರಾವ್. ರಾಜಮಹೇಂದ್ರಿ ಕಡೆಯವನು. ಅವನಿಗೆ ಪಾಠ ಬೇಕಿರಲಿಲ್ಲ, ಹೊಂಗೆಯ ನೆರಳು ಸಾಕಾಗಿತ್ತು.

“ಒಂದು ಮಾತು,” ಎಂದರು ಗುರುಗಳು. “ಪಾಠ ಮುಗಿಯೋವರೆಗೂ ನಾನು ಕನ್ನಡ ಹೇಳ್ಕೊಡ್ತೀನಿ, ನೀನು ಕಲಿ. ಮುಗಿದ ಮೇಲೆ ನಿಂದೇನಿದೆಯೋ ಅದನ್ನ ಹೇಳು, ನಾನು ಕೇಳಿಸ್ಕೋತೀನಿ.”

ಹಾಗೇ ನಡೆಯಿತು. ದಿನಾ ಪಾಠ ಮುಗಿದ ಮೇಲೆ ಹವಿಲಿ ಬೆನ್ನು ನೆಟ್ಟಗೆ ಮಾಡಿ ತನ್ನ ದೇವರ ಮಾತು ಹೇಳುತ್ತಿದ್ದ. ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಮುಗೀತಾ?”

“ಮುಗಿಯಿತು, ಗುರುಗಳೇ.”

“ಚೆನ್ನಾಗಿ ಹೇಳ್ದೆ. ಸ್ವಲ್ಪ ನಿಧಾನಕ್ಕೆ ಹೇಳಿದ್ರೆ ಇನ್ನೂ ಚೆನ್ನಾಗಿರುತ್ತೆ.”

ತಿಂಗಳುಗಟ್ಟಲೆ ಅವರು ಕೊಟ್ಟ ಉತ್ತರ ಇಷ್ಟೇ.

ಪಾಠವೂ ವಿಚಿತ್ರ. ಪುಸ್ತಕ ತೆರೆಯುವಂತಿಲ್ಲ. ಹಿಂದಿನ ದಿನ ಏನೇನಾಯಿತು ಎಂದು ಕನ್ನಡದಲ್ಲಿ ಹೇಳಬೇಕು.

“ನಿನ್ನೆ ನಾವು ಬಹಳ ಮನೆಗಳಿಗೆ ಹೋದೆವು. ಯಾರೂ ನಮ್ಮ ಮಾತನ್ನು ಕೇಳಲಿಲ್ಲ.”

“ಅದು ದಿನಾ ಇದ್ದದ್ದೇ. ಬೇರೆ ಹೇಳು.”

ಹವಿಲಿ ತಡವರಿಸಿದ. ಬೇರೆಯದನ್ನು ಲೆಕ್ಕಕ್ಕೆ ತಗೊಳ್ಳಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

“ಒಬ್ಬ ಅಜ್ಜಿ ಕಾಫಿ ಕೊಟ್ಟರು. ನಾವು ಕಾಫಿ ಕುಡಿಯುವುದಿಲ್ಲ ಎಂದೆವು. ಚಹಾ ತಂದರು. ಅದನ್ನೂ ಕುಡಿಯುವುದಿಲ್ಲ ಎಂದೆವು. ಅಜ್ಜಿಗೆ ಕೋಪ ಬಂದಿತು. ಆಮೇಲೆ ಮಜ್ಜಿಗೆ ತಂದು, ಇದನ್ನೂ ಬೇಡ ಎಂದರೆ ತಲೆಯ ಮೇಲೆ ಸುರಿಯುತ್ತೇನೆ ಎಂದರು.”

“ಕುಡಿದ್ಯಾ?”

“ಮೂರು ಲೋಟ.”

“ಹೇಳು, ಹೇಳು.”

ಹೀಗೆ ಹೇಳುತ್ತಾ ಹೇಳುತ್ತಾ ಹವಿಲಿಯ ನಾಲಿಗೆ ಸಡಿಲಾಯಿತು. ಸೈಕಲ್ಲಿನ ಚೈನು ಕಳಚಿದಾಗ ಬೀದಿಯ ಮಕ್ಕಳೆಲ್ಲ ಕೈ ಮಸಿ ಮಾಡಿಕೊಂಡು ಸಹಾಯಕ್ಕೆ ಬಂದದ್ದು, ಕೊನೆಗೆ ಬಿಳಿ ಅಂಗಿಯ ಮೇಲೆ ಅಷ್ಟೂ ಕೈ ಮೂಡಿದ್ದು. ಸುಂದರರಾವ್ ಗೋಂಗೂರ ಚಟ್ನಿ ಮಾಡಿ ತಾನೇ ಖಾರಕ್ಕೆ ಕಣ್ಣೀರು ಸುರಿಸಿದ್ದು. ಸೋಮವಾರ ಬಟ್ಟೆ ಒಗೆದು ತಾರಸಿಯ ಮೇಲೆ ಹರವಿ, ಊರಿಗೆ ಫೋನು ಮಾಡುವುದು. ಅಮ್ಮ ಮಾತಾಡಿದ್ದಾದ ಮೇಲೆ ಫೋನನ್ನು ಸಮುದ್ರದ ಕಡೆ ಹಿಡಿಯುತ್ತಾಳೆ. ಅವನು ಒಗೆದ ಅಂಗಿಗಳ ನಡುವೆ ನಿಂತು ಅಲೆಯ ಸದ್ದು ಕೇಳುತ್ತಾನೆ.

ಅಲೆಯ ವಿಷಯ ಬಂದಾಗ ಅವನ ಕಣ್ಣು ತಾನಾಗಿ ನದಿಯ ಕಡೆ ಹೋಗುತ್ತಿತ್ತು.

“ಈಜೋಕೆ ಬರುತ್ತಾ?” ಒಂದು ದಿನ ಗುರುಗಳು ಕೇಳಿದರು.

“ನಡೆಯುವುದಕ್ಕಿಂತ ಮೊದಲು ಅದನ್ನು ಕಲಿತೆ.”

“ಮತ್ತೆ ಇಳಿ. ಯಾರು ಬೇಡ ಅಂದ್ರು?”

“ನಿಯಮವಿದೆ, ಗುರುಗಳೇ. ಸೇವೆಯಲ್ಲಿ ಇರುವಷ್ಟು ದಿನ ನಾವು ಈಜುವಂತಿಲ್ಲ. ಒಬ್ಬರಿಗೆ ದೀಕ್ಷಾಸ್ನಾನ ಮಾಡಿಸುವಾಗ ಮಾತ್ರ ನೀರಿಗೆ ಇಳಿಯಬಹುದು. ಅವರನ್ನು ಹಿಡಿದು ಪೂರ್ತಿ ಮುಳುಗಿಸಿ ಎತ್ತಬೇಕು.”

“ಎಷ್ಟು ಜನರನ್ನ ಎತ್ತಿದೀಯ?”

“ಯಾರನ್ನೂ ಇಲ್ಲ.”

“ಕಾಲಾದ್ರೂ ಇಳಿಬಿಡಬಹುದೋ?”

ಹವಿಲಿ ಜೋಡಿಯ ಕಡೆ ನೋಡಿದ. ಸುಂದರರಾವ್ ಕಣ್ಣು ತೆರೆಯದೆ, “ಮೊಣಕಾಲ್ವರೆಗೆ ಪರ್ವಾಗಿಲ್ಲ,” ಎಂದ. ಅಂದಿನಿಂದ ಪಾಠ ಕೊನೆಯ ಮೆಟ್ಟಿಲಿನ ಮೇಲೆ ನಡೆಯಿತು. ಹವಿಲಿ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಕಾಲನ್ನು ಕಾವೇರಿಗೆ ಬಿಟ್ಟು ಕೂರುತ್ತಿದ್ದ. ಅವನು ಅಲ್ಲಿ ನಿಜಕ್ಕೂ ಸುಖವಾಗಿದ್ದ.

ದಿನ ನಿಲ್ಲುವುದಿಲ್ಲ. ಎರಡು ವರ್ಷ ತುಂಬುತ್ತ ಬಂತು.

ಒಂದು ಬೆಳಿಗ್ಗೆ ಹವಿಲಿ ಬೂಟು ಬಿಚ್ಚದೆ ಮೇಲಿನ ಮೆಟ್ಟಿಲಲ್ಲೇ ಕೂತ.

“ನಿನ್ನೆ ಏನಾಯ್ತು?”

“ಫೋನು ಬಂತು. ಮುಂದಿನ ವಾರ ನಾನು ಮನೆಗೆ.”

“ಸಂತೋಷ ಅಲ್ವೇ?”

ಹವಿಲಿ ಬೂಟಿನ ದಾರ ಎಳೆಯುತ್ತಾ ಕೂತ. ಗುರುಗಳು ಅವಸರ ಮಾಡಲಿಲ್ಲ.

“ನನ್ನ ಅಪ್ಪ ನಮ್ಮೂರ ಸಭೆಗೆ ಹಿರಿಯರು,” ಎಂದ ಕೊನೆಗೆ. “ನನ್ನನ್ನು ಕಳಿಸುವಾಗ ಊರೆಲ್ಲ ಹಾಡಿತು. ಹೋದವನು ಹಿಂದಿರುಗಿ ಬಂದಾಗ ಊರೆಲ್ಲ ಸೇರುತ್ತದೆ, ಅಡಿಗೆ ಆಗುತ್ತದೆ. ಅವನು ಎದ್ದು ನಿಂತು ಮಾತಾಡಬೇಕು. ಆಗ ಎಲ್ಲರ ಎದುರು ಅಪ್ಪ ಕೇಳುತ್ತಾರೆ, ಯಾರನ್ನು ನೀರಿಗೆ ಇಳಿಸಿದೆ ಎಂದು. ಅಣ್ಣ ಬಂದಾಗ ಹೆಸರು ಹೇಳುತ್ತಲೇ ಹೋದ. ಅಡಿಗೆ ಆರಿಹೋಯಿತು.”

“ನೀನು?”

“ನನಗೆ ಹೇಳಲು ಒಂದು ಹೆಸರೂ ಇಲ್ಲ. ಎರಡು ವರ್ಷ ಮಜ್ಜಿಗೆ ಕುಡಿದು, ಸೈಕಲ್ಲು ತುಳಿದು, ಸಂತೋಷವಾಗಿದ್ದೆ. ಅದೇ ನನಗೆ ನಾಚಿಕೆ. ಕೆಲಸ ಆಗದವನು ದುಃಖದಿಂದಲಾದರೂ ಇರಬೇಕಿತ್ತು.”

ಹೇಳುತ್ತಾ ಅವನ ದನಿ ಒಡೆಯಿತು. ಅಷ್ಟು ದೊಡ್ಡ ಆಳು ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡ.

ಗುರುಗಳು ಅವನನ್ನೇ ನೋಡಿದರು. ಆಮೇಲೆ ಎದ್ದು, ಹೊದ್ದಿದ್ದ ಶಾಲು ತೆಗೆದು ಮೆಟ್ಟಿಲ ಮೇಲಿಟ್ಟರು.

“ಏಳು. ನನ್ನನ್ನ ಮುಳುಗಿಸು.”

ಹವಿಲಿ ತಲೆಯೆತ್ತಿದ. ಹೊಂಗೆಯ ಕೆಳಗೆ ಸುಂದರರಾವ್ ಕೂಡ ಎದ್ದು ಕೂತ.

“ಗುರುಗಳೇ?”

“ಒಂದು ಹೆಸರು ಬೇಕಲ್ಲ ನಿಂಗೆ? ಮರಿದೇವಯ್ಯ ಅಂತ ಹೇಳು. ಕೇಳೋಕೂ ಚೆನ್ನಾಗಿದೆ.”

ಹವಿಲಿ ಎರಡು ವರ್ಷ ಬಾಗಿಲು ಬಾಗಿಲು ಅಲೆದು ಬೇಡಿದ್ದು ಈಗ ತಾನಾಗಿ ಎದುರಿಗೆ ನಿಂತಿತ್ತು. ಅದೂ ಯಾರು? ಈ ಊರಿನಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಿದ್ದ ಮನುಷ್ಯ.

“ಹಾಗೆ ತಕ್ಷಣ ಆಗುವುದಿಲ್ಲ,” ಎಂದ. “ನಮ್ಮ ದೊಡ್ಡವರು ಬಂದು ಮೊದಲು ನಿಮ್ಮನ್ನು ಪ್ರಶ್ನೆ ಕೇಳಬೇಕು. ನನ್ನನ್ನು ಬೀಳ್ಕೊಡಲು ಅವರು ನಾಳೆಯೇ ಬರುತ್ತಾರೆ.”

“ಏನು ಕೇಳ್ತಾರೆ?”

“ನೀವು ಇದನ್ನೆಲ್ಲ ನಂಬಿದ್ದೀರಾ ಎಂದು.”

“ನಂಬಿದೀನಿ ಅಂತೀನಿ.”

ಹವಿಲಿ ಕೇಳದೆ ಇದ್ದಿದ್ದರೆ ಆಗುತ್ತಿತ್ತು. ಆದರೂ ಕೇಳಿದ.

“ನಂಬಿದ್ದೀರಾ, ಗುರುಗಳೇ?”

“ಇಲ್ಲ,” ಎಂದರು ಗುರುಗಳು. “ಅದು ನಿಮ್ಮ ದೊಡ್ಡವರಿಗೆ ಗೊತ್ತಾಗಬೇಕಾಗಿಲ್ಲ. ನಾಳೆ ಕರ್ಕೊಂಡು ಬಾ.”

ಶಾಲು ಹೊದ್ದು ಒಳಗೆ ಹೋದರು.

ತಮ್ಮ ಬಿಡಾರಕ್ಕೆ ಬಂದು ಹವಿಲಿ ಪೆಟ್ಟಿಗೆ ಜೋಡಿಸಲು ಕೂತ. ಇಟ್ಟ ಅಂಗಿಯನ್ನೇ ತೆಗೆದು ಮತ್ತೆ ಇಟ್ಟ.

“ಅವ್ರೇ ಬಂದು ಕೇಳಿದಾರೆ,” ಎಂದ ಸುಂದರರಾವ್ ಅನ್ನಕ್ಕಿಡುತ್ತಾ. “ನಾವು ಬಲವಂತ ಮಾಡಿಲ್ಲ. ಬಾಯಲ್ಲಿ ಹೌದು ಅಂದ್ರೆ ಸಾಕು. ಒಳಗಡೆ ಏನಿದೆ ಅಂತ ನೋಡೋದು ನಮ್ಮ ಕೆಲ್ಸ ಅಲ್ಲ.”

“ಇಲ್ಲ ಎಂದು ನನಗೆ ಹೇಳಿದರು.”

“ನಿಂಗೆ ಹೇಳಿದ್ರು. ದೊಡ್ಡೋರಿಗೆ ಹೇಳಿಲ್ವಲ್ಲ.”

ಮಾತು ಸರಿಯಾಗಿಯೇ ಇತ್ತು. ಹವಿಲಿಗೆ ಅದು ಹಿಡಿಸಿತು ಕೂಡ. ಮಧ್ಯಾಹ್ನವೆಲ್ಲ ಅವನು ಮನಸ್ಸಿನೊಳಗೆ ನದಿಗಿಳಿದ. ಸೊಂಟದವರೆಗೆ ನೀರು, ಒಂದು ಕೈ ಮುದುಕರ ಬೆನ್ನಿಗೆ, ಇನ್ನೊಂದು ಮೇಲಕ್ಕೆ. ಊರಿನಲ್ಲಿ ಎದ್ದು ನಿಂತು ಆ ಹೆಸರು ಹೇಳಿದ. ಅಪ್ಪ ತಲೆದೂಗಿದರು. ಸಂಜೆಯವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಒಂದೇ ತೊಂದರೆ. ಪ್ರತಿ ಸಲ ನೀರಿನಿಂದ ಎತ್ತಿದಾಗಲೂ ಗುರುಗಳು ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಇಬ್ಬರೂ ಬಂದಾಗ ಗುರುಗಳು ಬಿಳಿ ಪಂಚೆ ಉಟ್ಟು ಕೊನೆಯ ಮೆಟ್ಟಿಲಲ್ಲಿ ಕಾಯುತ್ತಿದ್ದರು. ನೀವೆಲ್ಲ ಬಿಳಿ ಉಡ್ತೀರಲ್ಲ ಅಂತ ಹುಡುಕಿ ಉಟ್ಟೆ ಎಂದರು.

“ಎಲ್ಲಿ ನಿಮ್ಮ ದೊಡ್ಡವರು?”

“ಹತ್ತು ಗಂಟೆಗೆ ಬರುತ್ತಾರೆ. ನಾನು ಅವರಿಗೆ ಏನೂ ಹೇಳಿಲ್ಲ. ಹೇಳುವುದೂ ಇಲ್ಲ.”

“ಯಾಕೆ?”

“ನೀವು ನಂಬುವುದಿಲ್ಲ.”

“ಅದಕ್ಕೇನು? ನಾನು ದಿನಾ ಈ ನೀರಿಗಿಳಿಯೋನೇ. ಇನ್ನೊಂದು ಸಲ ಮುಳುಗಿದ್ರೆ ನಂಗೇನೂ ಆಗಲ್ಲ. ನಿಂಗೆ ಒಂದು ಹೆಸರಾದ್ರೂ ಸಿಗುತ್ತೆ.”

“ಗುರುಗಳೇ, ನಿನ್ನೆ ಇಡೀ ದಿನ ನಾನು ನಿಮ್ಮನ್ನು ನೀರಿಗೆ ಇಳಿಸಿದೆ,” ಎಂದ ಹವಿಲಿ. ಅವನಿಗೆ ಪುಸ್ತಕದ ಕನ್ನಡ ಮರೆತುಹೋಗಿತ್ತು. “ನಂಗೆ ನೀರು ಬೇಕಿತ್ತು. ಅಪ್ಪನ ಮುಂದೆ ಹೇಳೋಕೆ ಹೆಸರು ಬೇಕಿತ್ತು. ನೀವು ಬೇಕಾಗೇ ಇರ್ಲಿಲ್ಲ. ನಿಮ್ಮ ಬದ್ಲು ಅಲ್ಲಿ ಯಾರಿದ್ರೂ ಆಗ್ತಿತ್ತು. ಅದು ನಂಗೆ ಇಷ್ಟ ಆಗ್ಲಿಲ್ಲ.”

“ಊರಲ್ಲಿ ಅಪ್ಪ ಕೇಳಿದ್ರೆ?”

“ಯಾರೂ ಇಲ್ಲ ಅಂತೀನಿ.”

“ಎಲ್ಲರ ಎದುರಿಗೆ?”

“ಎಲ್ಲರ ಎದುರಿಗೆ.” ಹವಿಲಿಯ ಕಣ್ಣು ತುಂಬಿತು, ಆದರೆ ದನಿ ಒಡೆಯಲಿಲ್ಲ. “ನಿಮ್ಮನ್ನ ನಾನು ತುಂಬ ಇಷ್ಟಪಡ್ತೀನಿ. ಸುಳ್ಳು ಹೇಳಿಸೋಕಾಗಲ್ಲ.”

ನದಿಯಲ್ಲಿ ಒಂದು ತೆಪ್ಪ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಮೂವರೂ ಅದನ್ನೇ ನೋಡಿದರು.

“ಈಗ ಅರ್ಥ ಆಯ್ತು,” ಎಂದ ಹವಿಲಿ. “ನೀವು ನನ್ನನ್ನ ಪರೀಕ್ಷೆ ಮಾಡಿದ್ರಿ.”

ಗುರುಗಳು ತಲೆ ಅಲ್ಲಾಡಿಸಿದರು. ಪಂಚೆಯ ಅಂಚು ಹಿಂಡಿಕೊಂಡು ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. ಅವರ ಕಾಲು ಆಗಲೇ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

“ಪರೀಕ್ಷೆನೂ ಇಲ್ಲ, ಪಾಠನೂ ಇಲ್ಲ ಕಣಯ್ಯ. ನೀನು ಬರಿಗೈಲಿ ಹೋಗೋದು ನೋಡೋಕಾಗ್ಲಿಲ್ಲ, ಅದಕ್ಕೇ ಹೊರಟಿದ್ದೆ. ನೀನು ಹೂಂ ಅಂದಿದ್ರೆ ಇಳಿದೇ ಬಿಡ್ತಿದ್ದೆ.”

ಹವಿಲಿ ಅವರ ಪಕ್ಕದಲ್ಲಿ ಕೂತ.

“ಊರಿಗೆ ಹೋಗು,” ಎಂದರು ಗುರುಗಳು. “ನಿಮ್ಮಪ್ಪ ಕೇಳಿದ್ರೆ ಹೇಳು: ಅಲ್ಲೊಬ್ಬ ಮುದುಕ ಈ ವಯಸ್ಸಲ್ಲಿ ಸುಳ್ಳು ಹೇಳೋಕೆ ಬಿಳಿ ಪಂಚೆ ಉಟ್ಕೊಂಡು ನಿಂತಿದ್ದ, ಕೈ ಹಿಡಿದು ದಡಕ್ಕೆ ಎಳ್ಕೊಂಡೆ ಅಂತ.”