ಗೂಡಿಗೆ ಕಾವಲು ಕೂತ ಮುದ್ದ

ಒಂದೂರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ಊರು ಯಾವುದು ಅಂತ ಮಾತ್ರ ಕೇಳಬೇಡಿ, ಹೇಳಿದರೆ ಆ ಊರಿನವರು ನನ್ನ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ. ತಾಯಿ ಹೊಂಬಾಳಮ್ಮ, ರೇಷ್ಮೆ ಹುಳ ಸಾಕಿ ಬದುಕುವವಳು. ಮಗ ಮುದ್ದ. ಮನೆಗೆ ಮುದ್ದ, ಊರಿಗೆಲ್ಲ ಪೆದ್ದ. ಮೀಸೆ ಬಂದು ಆರು ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

"ಈ ಸಲದ ಗೂಡು ಮಾರಿ ಒಂದು ಹಸ ಕಟ್ತೀನಿ ಚೌಡಕ್ಕ. ನಾ ಕಣ್ಣು ಮುಚ್ಚಿದ್ರೂ ಇವನ ಹೊಟ್ಟೆಪಾಡು ಅದು ನೋಡ್ಕತದೆ" ಅಂತ ಹೊಂಬಾಳಮ್ಮ ನೆರೆಮನೆಯವಳಿಗೆ ಹೇಳುತ್ತಿದ್ದಳು. ಅಂಗಳದಲ್ಲಿ ಗೂಟ ಆಗಲೇ ನೆಟ್ಟಾಗಿತ್ತು.

"ಯೋಚ್ನೆ ಮಾಡ್ಬ್ಯಾಡ. ಬುದ್ಧಿ ಅನ್ನೋದೇ ಹಂಗೆ. ಆಗೋಗಂಟ ಏನೂ ಆಗಕಿಲ್ಲ, ಆದಾಗ ಒಂದೇ ಗಳಿಗೇಲಿ ಆಗೋಯ್ತದೆ" ಅಂತ ಚೌಡಮ್ಮ. ಪಾಪ, ಹೊಂಬಾಳಮ್ಮ ಆ ಗಳಿಗೆಗೇ ಕಾಯುತ್ತಿದ್ದಳು.

ಒಂದು ದಿನ ಒಲೆ ಮೇಲೆ ಹಾಲಿಟ್ಟು ಸೊಪ್ಪು ಕೊಯ್ಯಲು ಹೊರಟಳು. "ಹಾಲು ಉಕ್ಕೋಗಂಟ ಕಣ್ಣು ಕೀಳ್ಬ್ಯಾಡ ಕಣ್ಲಾ" ಅಂದಳು. ಮುದ್ದ ಕೂತ. ನೋಡಿದ, ನೋಡಿದ, ಏನೂ ಆಗಲಿಲ್ಲ. ಇನ್ನೂ ನೋಡಿದ. ಆಮೇಲೆ ಹಾಲು ಬುಸ್ಸಂತ ಎದ್ದು, ಹರಿದು, ಒಲೆ ಆರಿಸಿ, ನೆಲಕ್ಕೆ ಇಳಿಯಿತು. ಅದನ್ನೂ ನೋಡಿದ.

"ಏನ್ಲಾ ಇದು?"

"ಉಕ್ತು ಕಣವ್ವ. ನಾ ಕಣ್ಣು ಕೀಳ್ಲೇ ಇಲ್ಲ."

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಆಗೋಗಂಟ ಏನೂ ಆಗಕಿಲ್ಲ, ಆದಾಗ ಒಂದೇ ಗಳಿಗೆ. ಅದ್ಕೇ ಮುಂಚೇನೇ ಕೈ ಹಾಕ್ಬೇಕು. ತುಂಬ್ಕೊಂಡು ಬಂದು, ಇನ್ನೇನು ಚೆಲ್ತದೆ ಅನ್ನೋವಾಗ ತಣ್ಣೀರು ಹಾಕ್ಬೇಕು. ತಿಳೀತಾ?"

"ತಿಳೀತು."

ತಿಳಿದದ್ದು ಹೇಗೆ ಅಂತೀರಾ? ಮನೆಯ ಹ್ಯಾಟೆ ಕೋಳಿ ಹನ್ನೊಂದು ಮೊಟ್ಟೆಗೆ ಕಾವು ಕೂತಿತ್ತು. "ಇವತ್ತೋ ನಾಳೆಯೋ ಮರಿ ಆಯ್ತವೆ, ನೋಡ್ಕ" ಅಂತ ಹೇಳಿ ತಾಯಿ ಹಿತ್ತಿಲಿಗೆ ಹೋದಳು. ಮುದ್ದ ಮುಂಚೆಯೇ ಕೈ ಹಾಕಿದ. ಹನ್ನೊಂದನ್ನೂ ಒಡೆದ. ಕೋಳಿ ಅವನ ಕಾಲನ್ನೆಲ್ಲ ಕುಕ್ಕಿ ರಕ್ತ ಬರಿಸಿತು, ಆದರೂ ಬಿಡಲಿಲ್ಲ. ಹೇಳಿದ ಕೆಲಸ ಅಲ್ಲವೇ?

"ಕೊಲೆಗಾರ!" ಅಂದಳು ತಾಯಿ. ಅಂದವಳಿಗೇ ಅಳು ಬಂತು. "ಒಳಗಿರೋ ಜೀವ ತಾನಾಗೇ ಒಡಕೊಂಡು ಈಚೆ ಬರ್ಬೇಕು ಕಣ್ಲಾ. ಅಲ್ಲೀಗಂಟ ನೀನೂ ಮುಟ್ಬ್ಯಾಡ, ಯಾರ್ಗೂ ಮುಟ್ಟಾಕೆ ಬಿಡ್ಬ್ಯಾಡ. ಬಂದ ಮ್ಯಾಕೆ ನುಚ್ಚು ಚೆಲ್ಲು. ತಿಳೀತಾ?"

"ತಿಳೀತು."

ಅಷ್ಟರಲ್ಲಿ ಹುಳ ಹಣ್ಣಾದವು. ಹಗಲೂ ರಾತ್ರಿ ಸರಸರ ಸೊಪ್ಪು ಮೇಯುತ್ತಿದ್ದ ಹುಳಗಳು ಒಂದು ಬೆಳಗ್ಗೆ ತಿನ್ನುವುದನ್ನೇ ಬಿಟ್ಟು ತಲೆ ಎತ್ತಿದವು. ಹೊಂಬಾಳಮ್ಮ ಒಂದೊಂದನ್ನೇ ಆರಿಸಿ ಬಿದಿರಿನ ತಟ್ಟೆಯಂಥ ಚಂದ್ರಿಕೆಗೆ ಬಿಟ್ಟಳು, ಅವು ಗೂಡು ಕಟ್ಟತೊಡಗಿದವು. ಇಷ್ಟು ಚೆನ್ನಾದ ಬೆಳೆ ಅವಳ ಜನ್ಮದಲ್ಲೇ ಬಂದಿರಲಿಲ್ಲ. ಆಗಲೇ ತಂಗಿ ಮಗಳಿಗೆ ಹೆರಿಗೆ ನೋವು ಬಂದಿದೆ ಅಂತ ಆಳು ಓಡಿ ಬಂದ.

"ನಾಕು ದಿನಕ್ಕೆ ಬತ್ತೀನಿ. ಬಂದು ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಾನ. ಅಲ್ಲೀಗಂಟ ನೋಡ್ಕಳ್ಲಾ" ಅಂತ ಹೊರಟಳು.

ಬಂದ ನೋವು ಹಾಗೇ ನಿಂತಿತು. ಕೂಸೂ ಹಂಗೇ ನೋಡಿ, ಆಗೋವರೆಗೂ ಏನೂ ಆಗಲ್ಲ. ಅದು ಹುಟ್ಟಿದ್ದು ಹನ್ನೆರಡನೇ ದಿನ.

ಇತ್ತ ಆರನೇ ದಿನ ಚೌಡಮ್ಮ ಇಣುಕಿದಳು. "ಗೂಡು ಬಿಡಿಸ್ಲಿಲ್ವೇನ್ಲಾ? ನಾನೂ ಕೈ ಹಾಕ್ಲಾ?"

ಮುದ್ದ ಬಾಗಿಲಿಗೆ ಅಡ್ಡ ನಿಂತ. "ಯಾರ್ಗೂ ಮುಟ್ಟಾಕೆ ಬಿಡ್ಬ್ಯಾಡ ಅಂದವ್ಳೆ ಅವ್ವ." ಚೌಡಮ್ಮ ನಂಬಿ ವಾಪಸು ಹೋದಳು. ಮುದ್ದ ಊಟವನ್ನೂ ಗೂಡಿನ ಮುಂದೆಯೇ ಮಾಡಿದ, ನಿದ್ದೆಯನ್ನೂ ಅಲ್ಲೇ ಮಾಡಿದ. ಅಂಥ ಕಾವಲು ಅರಮನೆಗೂ ಇರಲಿಲ್ಲ.

ಹೊಂಬಾಳಮ್ಮ ಏದುಸಿರು ಬಿಡುತ್ತ ಬಂದದ್ದು ಹದಿಮೂರನೇ ದಿನ. ಮಗ ಅಂಗಳದಲ್ಲೇ ಕುಣಿಯುತ್ತಿದ್ದ. "ಅವ್ವ, ಎಲ್ಲಾ ತಾನಾಗೇ ಒಡಕೊಂಡು ಈಚೆ ಬಂದ್ವು ಕಣವ್ವ! ನಾ ಒಂದ್ನೂ ಮುಟ್ಲಿಲ್ಲ."

ಒಳಗೆ ಹೋಗಿ ನೋಡಿದಳು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಮೇಲೆ ಆ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ, ಯಾರೂ ಕೊಳ್ಳುವುದೂ ಇಲ್ಲ. ಒಂದು ಗೂಡೂ ತೂತಾಗದೆ ಉಳಿದಿರಲಿಲ್ಲ. ನೆಲದ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು, ಅವುಗಳ ನಡುವೆ ಮುದ್ದ ಚೆಲ್ಲಿದ ನುಚ್ಚು. ಆ ಚಿಟ್ಟೆಗೆ ತಿನ್ನಲು ಬಾಯಿಯೇ ಇಲ್ಲ.

ಹೊಂಬಾಳಮ್ಮ ಹೊರಗೆ ಬಂದು ಬರೀ ಗೂಟದ ಪಕ್ಕ ಕೂತಳು. ಮುದ್ದ ಬೈಗುಳಕ್ಕೆ ಕಾದ, ಅದು ಬರಲಿಲ್ಲ.

"ಮುಂದಿನ ಸಲ ಏನ್ ಮಾಡ್ಲವ್ವ?"

ಇವನಿಗೆ ಬುದ್ಧಿ ಬರುವ ಆ ಗಳಿಗೆ ಯಾವತ್ತೂ ಬರುವುದಿಲ್ಲ ಅಂತ ಅವಳಿಗೆ ಆಗಲೇ ತಿಳಿದುಹೋಯಿತು. ಎರಡು ಕಣ್ಣೂ ಅಂಚಿನವರೆಗೆ ತುಂಬಿಕೊಂಡವು.

ಮುದ್ದ ಕಣ್ಣು ಕೀಳದೆ ನೋಡಿದ. ಅವನಿಗೆ ತಟ್ಟನೆ ಏನೋ ಹೊಳೆಯಿತು. ಬಚ್ಚಲಿಗೆ ಓಡಿ, ಕೊಡ ತುಂಬ ತಣ್ಣೀರು ತಂದು ತಾಯಿಯ ತಲೆ ಮೇಲೆ ಸುರಿದ.

"ಒಂದು ಹನೀನೂ ಚೆಲ್ಲಾಕೆ ಬಿಡ್ಲಿಲ್ಲ ಕಣವ್ವ" ಅಂದ, ಹೆಮ್ಮೆಯಿಂದ.

ಹೊಂಬಾಳಮ್ಮ ಒದ್ದೆ ಸೀರೆಯಲ್ಲಿ ಹಾಗೇ ಕೂತಿದ್ದಳು. ಅವನು ಸರಿಯಾದ ಗಳಿಗೆಗೆ ಕೈ ಹಾಕಿದ್ದು ಜನ್ಮದಲ್ಲಿ ಅದೊಂದೇ ಸಲ.