ಒಂದು ಬಟ್ಟಲಿನ ಬೆಂಕಿ

"ಮತ್ತ ಮುಳುಗಿತ್ರೀ ಇದು. ಒಂದು ಲೆಕ್ಕಾ ಮುಗಸಾಕ ಬಿಡವಲ್ದು," ಅಂದಳು ಕಸ್ತೂರಿ.

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದಳು. ಹಂಡೆಯ ತಳದಿಂದ ತಾಮ್ರದ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟಳು. ಆಮೇಲೆ ಜಾಗಟೆ ಬಾರಿಸಿದಳು. ಹದಿಮೂರು ಏಟು.

ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ತೇಲಿಬಿಟ್ಟರೆ ಸರಿಯಾಗಿ ಒಂದು ಘಳಿಗೆಗೆ ತುಂಬಿ ಮುಳುಗುತ್ತದೆ. ನದಿ ದಂಡೆಯ ಆ ಆಶ್ರಮದಲ್ಲಿ ಗಡಿಯಾರವಿರಲಿಲ್ಲ. ಸೂರ್ಯ ಹುಟ್ಟಿದಾಗ ಬಟ್ಟಲು ಬಿಡುವುದು, ಅದು ಮುಳುಗಿದಾಗಲೆಲ್ಲ ಜಾಗಟೆ ಬಾರಿಸುವುದು. ದೋಣಿ ಬಿಡುವುದೂ ಆ ಸದ್ದಿಗೇ.

"ಮುಳುಗೋದು ಅದರ ಕೆಲಸ," ಅಂದಳು ದುಂಡವ್ವತಾಯಿ. "ನಿನ್ನ ಕೆಲಸ ನೀ ಮಾಡು."

ನಲವತ್ತು ವರ್ಷ ಆಶ್ರಮದ ಒಲೆ ಹಚ್ಚಿದವಳು ದುಂಡವ್ವತಾಯಿ. ಸೌದೆಯ ಹೊಗೆ ಅವಳ ಎರಡೂ ಕಣ್ಣಿಗೆ ಹಾಲಿನ ಕೆನೆಯಂತೆ ಕವಿದಿತ್ತು. ನದಿ ಕಾಣುತ್ತಿತ್ತು, ನದಿಯ ಮೇಲಿನ ದೋಣಿ ಕಾಣುತ್ತಿರಲಿಲ್ಲ.

ಅದಕ್ಕೇ ಕಸ್ತೂರಿ ಹಟ ಹಿಡಿದು ಸಗಣಿ ಗ್ಯಾಸಿನ ಒಲೆ ತರಿಸಲು ಹೊರಟಿದ್ದಳು. ಪೇಟೆಯ ಒಲೆ ಮಾಡುವವನು ಒಂದು ಚೀಟಿ ಕಳಿಸಿದ್ದ. ಅದನ್ನು ತುಂಬಿ, ಈ ಮಧ್ಯಾಹ್ನ ಹದಿನೈದು ಏಟಿಗೆ ಬಿಡುವ ದೋಣಿಯಲ್ಲಿ ಕಳಿಸಬೇಕು. ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಒಲೆಯೂ ಇಲ್ಲ, ಉಳಿದಿರುವಷ್ಟು ಕಣ್ಣೂ ಇಲ್ಲ.

ಚೀಟಿಯಲ್ಲಿ ತುಂಬಬೇಕಾದ ಎರಡು ಖಾಲಿ ಮನೆ. ಪಾತ್ರೆಗೆ ಮುಟ್ಟುವ ಶಾಖ ತಾಸಿಗೆ ಎಷ್ಟು ಕಿಲೋಕ್ಯಾಲರಿ? ಅದೇ ಶಾಖ ಸೆಕೆಂಡಿಗೆ ಎಷ್ಟು ಕ್ಯಾಲರಿ? ಎರಡೂ ತಾಳೆಯಾದರೆ ಮಾತ್ರ ಒಲೆ ಮಾಡುತ್ತೇನೆ ಎಂದು ಕೆಳಗೆ ಬರೆದಿದ್ದ.

"ಅವನಿಗೆ ನಮ್ಮ ಮ್ಯಾಲೆ ಎಷ್ಟು ನಂಬಿಕಿ ನೋಡ್ರಿ," ಅಂದಳು ಕಸ್ತೂರಿ.

"ಲೆಕ್ಕಾ ಹೇಳು."

"ಗಂಜಿ ಹಂಡೇಕ ನಲವತ್ತು ಲೀಟರ್ ನೀರು. ಹೊಳಿ ನೀರು ಇಪ್ಪತ್ತೈದು ಡಿಗ್ರಿ, ಕುದಿಯೋದು ನೂರಕ್ಕ. ಒಂದು ಲೀಟರ್ ಒಂದು ಡಿಗ್ರಿ ಏರಿದ್ರ ಒಂದು ಕಿಲೋಕ್ಯಾಲರಿ. ಎಪ್ಪತ್ತೈದು ನಲವತ್ಲೆ ಮೂರು ಸಾವಿರ."

"ಎಷ್ಟರೊಳಗ ಕುದೀಬೇಕು?"

"ಒಂದು ಬಟ್ಟಲದೊಳಗ. ಅದೇನು ಹೊಸಾದಾ?"

ಹೊಸದಲ್ಲ. ಇಟ್ಟಿಗೆ ಭಟ್ಟಿಗೆ ಹೋಗುವ ಹೆಂಗಸರು ಬೆಳಗಿನ ದೋಣಿಗೆ ಬರುತ್ತಾರೆ. ದೋಣಿ ಆಚೆ ದಂಡೆ ಬಿಟ್ಟದ್ದು ಕಂಡ ಮೇಲೇ ಒಲೆ ಹಚ್ಚುವುದು, ಈಚೆ ದಂಡೆ ಮುಟ್ಟುವಷ್ಟರಲ್ಲಿ ನೀರು ಕುದಿಯುವುದು. ಅದಕ್ಕೆ ಒಂದೇ ಬಟ್ಟಲು. ಹಿಟ್ಟು ಕಲಸಿ ಬಡಿಸಿದರೆ, ಉಂಡು ಏಳುವಷ್ಟರಲ್ಲಿ ಭಟ್ಟಿಯ ಲಾರಿ ಬಂದು ನಿಂತಿರುತ್ತದೆ. ಲಾರಿ ಯಾರಿಗೂ ಕಾಯುವುದಿಲ್ಲ.

ಕಸ್ತೂರಿಯೂ ಆರು ವರ್ಷದ ಹಿಂದೆ ಆ ದೋಣಿಯಿಂದ ಇಳಿದವಳೇ. ಗಂಜಿ ಉಂಡವಳು ಲಾರಿ ಹತ್ತಲಿಲ್ಲ.

ಬಂದ ದಿನ ಅವಳು ಕೇಳಿದ್ದಳು, "ಒಂದೀಟು ಮೊದಲ ಒಲಿ ಹಚ್ಚಿದ್ರ ಏನಾಕ್ಕೈತ್ರೀ?"

ದುಂಡವ್ವತಾಯಿ ಹೇಳಿದ್ದಳು, "ಉಣ್ಣೋರು ಹೊಂಟಿದ್ದು ಕಾಣೂತನಕ ಒಲಿ ಹಚ್ಚಬಾರದು. ಹಚ್ಚಿದ ಮ್ಯಾಲೆ ಅವರನ್ನ ಕಾಯಿಸಬಾರದು."

ಈಗ ಕಸ್ತೂರಿ ಮೊದಲ ಮನೆಯಲ್ಲಿ ಮೂರು ಸಾವಿರ ಎಂದು ಬರೆದಳು. ಅದನ್ನು ಸಾವಿರದಿಂದ ಗುಣಿಸಿ, ಮೂರು ಸಾವಿರದ ಆರುನೂರರಿಂದ ಭಾಗಿಸಿ, ಎರಡನೆಯದರಲ್ಲಿ ಎಂಟುನೂರ ಮೂವತ್ತಮೂರು ಎಂದು ಬರೆದಳು. ಎರಡೂ ತಾಳೆಯಾದವು.

ಅಷ್ಟರಲ್ಲಿ ಬಟ್ಟಲು ಗುಳುಕ್ ಎಂದಿತು.

"ಇದರ ಹೊಟ್ಟಿ ಸೇದಿ ಹೋಗ," ಎಂದು ಗೊಣಗುತ್ತ ಎದ್ದಳು. ಹದಿನಾಲ್ಕು ಬಾರಿಸಿ, ಬಟ್ಟಲು ತೇಲಿಬಿಟ್ಟು ಬಂದು ಕುಳಿತಳು. "ಮುಗೀತ್ರೀ. ಗಂಟಲ ಒಣಗೇತಿ. ಒಂದು ಲೋಟ ಮಜ್ಜಿಗಿ ಕೊಡ್ರಿ."

ದುಂಡವ್ವತಾಯಿ ತಡವರಿಸಿ ಲೋಟಕ್ಕೆ ಮಜ್ಜಿಗೆ ತುಂಬಿದಳು. ಲೋಟ ಕೊಡಲಿಲ್ಲ. ಚಮಚದಿಂದ ಒಂದು ಗುಟುಕು ಕಸ್ತೂರಿಯ ಬೊಗಸೆಗೆ ಹಾಕಿ, ನದಿಯ ಕಡೆ ಮುಖ ಮಾಡಿ ಕುಳಿತಳು.

ಬಹಳ ಹೊತ್ತಾದ ಮೇಲೆ ಇನ್ನೊಂದು ಚಮಚ.

"ಇದೇನ್ರೀ ತಾಯಿ, ಗುಬ್ಬಿಮರಿಗೆ ಗುಟುಕು ಕೊಟ್ಟಂಗ?"

"ಲೋಟ ಕೇಳಿದಿ. ಲೋಟ ಪೂರಾ ಕೊಡ್ತೀನಿ. ಒಂದು ಹನಿ ಕಡಿಮಿ ಇಲ್ಲ."

"ಯಾವಾಗ?"

"ತಾಸಿಗೆ."

"ತಾಸಿನ ತನಕ ನಾ ಬದುಕಿರಬೇಕಲ್ರಿ?"

ದುಂಡವ್ವತಾಯಿ ನಗಲಿಲ್ಲ. ಮೂರನೆಯ ಚಮಚ ಹಾಕಿದಳು. "ಸಾಲಿಗೆ ಹೋದಾಕಿ ನೀನು. ಒಂದು ತಾಸಿಗೆ ನಮ್ಮ ಬಟ್ಟಲ ಎಷ್ಟು ಸಲ ಮುಳುಗತೈತಿ?"

"ಎರಡೂವರೆ," ಅಂದಳು ಕಸ್ತೂರಿ. ಬೊಗಸೆ ಹಾಗೇ ಹಿಡಿದು ಕುಳಿತಳು.

ಗಡಿಯಾರ ನೋಡಿ ಆರು ವರ್ಷ. ಬಟ್ಟಲೇ ಅವಳ ತಾಸಾಗಿಬಿಟ್ಟಿತ್ತು. ಒಂದು ಬಟ್ಟಲಿನ ಬೆಂಕಿಯನ್ನು ಅವಳು ಒಂದು ತಾಸಿಗೆ ಹರಡಿ ಬರೆದಿದ್ದಳು. ಆ ಒಲೆ ಬಂದಿದ್ದರೆ ದೋಣಿ ದಂಡೆ ಮುಟ್ಟುತ್ತಿತ್ತು, ನೀರು ಇನ್ನೂ ಉಗುರುಬೆಚ್ಚಗೆ ಇರುತ್ತಿತ್ತು, ಲಾರಿ ಹೆಂಗಸರನ್ನು ಹಸಿದ ಹೊಟ್ಟೆಯಲ್ಲೇ ಒಯ್ಯುತ್ತಿತ್ತು. ಎರಡು ಮನೆಗಳೂ ತಾಳೆಯಾಗಿದ್ದವು, ಎರಡೂ ತಪ್ಪಾಗಿದ್ದವು.

"ತಾಳಿ ಆಗಿತ್ತಲ್ರೀ," ಅಂದಳು ಸಣ್ಣ ದನಿಯಲ್ಲಿ.

"ಸುಳ್ಳು ಹೇಳೋ ಇಬ್ಬರು ಅಣ್ತಮ್ಮರ ಮಾತೂ ತಾಳಿ ಆಗ್ತಾವ," ಎಂದು ದುಂಡವ್ವತಾಯಿ ಲೋಟವನ್ನು ಅವಳ ಕೈಗಿಟ್ಟಳು. "ಕುಡಿ. ಮತ್ತ ಮಾಡು."

ಕಸ್ತೂರಿ ಬರೆದದ್ದನ್ನು ಹೊಡೆದು ಹಾಕಿದಳು. ಮೂರು ಸಾವಿರವನ್ನು ಎರಡೂವರೆಯಿಂದ ಗುಣಿಸಿದಳು. ತಾಸಿಗೆ ಏಳೂವರೆ ಸಾವಿರ ಕಿಲೋಕ್ಯಾಲರಿ. ಸೆಕೆಂಡಿಗೆ ಎರಡು ಸಾವಿರದ ಎಂಬತ್ತಮೂರು ಕ್ಯಾಲರಿ.

ಈ ಸಲ ಅವಳು ತನ್ನನ್ನೇ ನಂಬಲಿಲ್ಲ. ಬಟ್ಟಲಿನಿಂದಲೇ ಹೊರಟಳು. ಒಂದು ಬಟ್ಟಲೆಂದರೆ ಇಪ್ಪತ್ನಾಲ್ಕು ನಿಮಿಷ, ನಿಮಿಷಕ್ಕೆ ನೂರ ಇಪ್ಪತ್ತೈದು ಕಿಲೋಕ್ಯಾಲರಿ. ಸಾವಿರದಿಂದ ಗುಣಿಸಿ ಅರವತ್ತರಿಂದ ಭಾಗಿಸಿದರೆ ಮತ್ತೆ ಎರಡು ಸಾವಿರದ ಎಂಬತ್ತಮೂರು. ಬೇರೆ ದಾರಿಯಲ್ಲಿ ಬಂದರೂ ಅದೇ ಊರು. ಖುಷಿಗೆ ಸೆಕೆಂಡಿನಿಂದ ನಿಮಿಷಕ್ಕೆ ಏರಿದಳು, ನಿಮಿಷದಿಂದ ತಾಸಿಗೆ, ತಾಸಿನಿಂದ ಮತ್ತೆ ಬಟ್ಟಲಿಗೆ ಇಳಿದಳು. ಚೀಟಿಯ ಹಿಂಬದಿ ತುಂಬಿತು. ಯಾರೂ ಅಡ್ಡ ಬರಲಿಲ್ಲ.

"ಈಗ ನೋಡ್ರಿ ತಾಯಿ. ಇನ್ನ ಒಂದು ಕೂದಲೆಳಿಯಷ್ಟೂ ತಪ್ಪಿಲ್ಲ."

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಅಂಬಿಗ ಯಮನೂರ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ನಿಂತ.

"ಯವ್ವಾ, ಇವತ್ತ ಹದಿನೈದು ಹೊಡಿಯೂದಿಲ್ಲೇನು? ನೆರಳು ಕಾಲಾಗ ಬಂದು ಸರದು ಹೋತು. ಭಟ್ಟಿ ಕೆಲಸಾ ಮುಗಿಸಿ ಮನಿಗೆ ಹೊಂಟ ಹೆಣ್ಣಮಕ್ಕಳು ದೋಣ್ಯಾಗ ಬಿಸಲಿಗೆ ಕುಂತಾರ. ಆಚಿ ದಂಡ್ಯಾಗ ಕೂಸುಗಳು ಹಾಲಿಗೆ ಅಳಾಕತ್ತಾವಂತ."

ಕಸ್ತೂರಿ ಹಂಡೆಯ ಕಡೆ ತಿರುಗಿದಳು. ನೀರು ಸ್ವಲ್ಪವೂ ಅಲುಗುತ್ತಿರಲಿಲ್ಲ. ಬಟ್ಟಲು ತಳದಲ್ಲಿತ್ತು.

ದುಂಡವ್ವತಾಯಿ ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮಡಚಿ, ಯಮನೂರನಿಗೆ ಕೊಟ್ಟಳು. ಆಮೇಲೆ ತನ್ನ ಮಂಜು ಕಣ್ಣುಗಳನ್ನು ಶಿಷ್ಯೆಯ ಕಡೆ ತಿರುಗಿಸಿದಳು.

"ಬಟ್ಟಲ ಮುಳುಗಿ ಎಷ್ಟು ಹೊತ್ತಾತು, ಕಸ್ತೂರಿ?"