ಎರಡನೆಯ ಹಲಗೆ

"ಗುರುಗಳೇ, ಒಂದು ಅಡ್ಡಿಯ ಪಕ್ಕದಲ್ಲಿ ಇನ್ನೊಂದು ಅಡ್ಡಿ ಇಟ್ಟರೆ ಒಟ್ಟು ಅಡ್ಡಿ ಕಡಿಮೆಯಾಗುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳ ಮುಂದೆ ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ರೋಧವುಳ್ಳ ಎರಡು ತಂತಿಸುರುಳಿಗಳಿದ್ದವು. ಮೊದಲ ಸುರುಳಿಯ ಬೆನ್ನಿಗೆ ಎರಡನೆಯದನ್ನು ಸರಣಿಯಲ್ಲಿ ಜೋಡಿಸಿದಾಗ ಬಲ್ಬು ಮಂಕಾಯಿತು. ಅದು ಅವಳಿಗೆ ಒಪ್ಪಿಗೆಯೇ. ಆದರೆ ಗುರು ಅದೇ ಸುರುಳಿಯನ್ನು ಮೊದಲನೆಯದರ ಪಕ್ಕಕ್ಕೆ, ಸಮಾಂತರವಾಗಿ ಜೋಡಿಸಿದಾಗ ಬಲ್ಬು ಮೊದಲಿಗಿಂತಲೂ ಹೆಚ್ಚು ಬೆಳಗಿತು.

"ಎರಡನೆಯದರ ರೋಧ ಮೊದಲನೆಯದಕ್ಕಿಂತ ಹೆಚ್ಚು. ಅಂಥದ್ದು ಬಂದು ಸೇರಿ ಪ್ರವಾಹ ಹೆಚ್ಚಿತೆಂದರೆ ನಾನು ನಂಬುವುದಿಲ್ಲ," ಎಂದಳು.

ಗುರು ಒಂದು ಕಥೆ ಹೇಳಿದರು:

ಮುನ್ನೂರು ಮೂಟೆ ಬೆಲ್ಲದ ವ್ಯಾಪಾರ. ಮಾರಿದವನು ಒಬ್ಬ ದೋಣಿಯವ, ಕೊಂಡವನು ಒಬ್ಬ ವರ್ತಕ. ದರ ಅಗ್ಗವಾಗಿತ್ತು. ಅಗ್ಗದ ದರದಲ್ಲಿ ಎಲ್ಲೋ ಒಂದು ಮುಳ್ಳು ಇರುತ್ತದೆ. ಇಲ್ಲಿ ಅದು ಕರಾರಿನಲ್ಲಿತ್ತು: ಇಳಿತದ ನೀರು ತಗ್ಗುತ್ತಾ ದಡದ ಗೂಟದ ಮೇಲಿನ ಗುರುತು ಮುಟ್ಟಿದೊಡನೆ ದೋಣಿ ಹೊರಡುತ್ತದೆ, ದಡ ಸೇರಿದ ಮೂಟೆ ವರ್ತಕನದು, ಉಳಿದದ್ದು ದೋಣಿಯವನದು.

ದೋಣಿಯಿಂದ ದಡಕ್ಕೆ ಇದ್ದದ್ದು ಒಂದೇ ಹಲಗೆ. ಅದು ಒಬ್ಬನ ಭಾರವನ್ನಷ್ಟೇ ತಡೆಯುತ್ತಿತ್ತು. ಮೂಟೆ ಹೊತ್ತ ಹಮಾಲಿ ನೆಲ ಮುಟ್ಟುವ ತನಕ ಹಿಂದಿನವನು ಕಾಲಿಡುವಂತಿರಲಿಲ್ಲ. ಇಳಿಸಿದವರು ನೀರಿನಲ್ಲಿ ನಡೆದು, ಹಗ್ಗ ಹಿಡಿದು ಮತ್ತೆ ದೋಣಿ ಹತ್ತುತ್ತಿದ್ದರು. ಆಳುಗಳಿಗೆ ಕೊರತೆಯಿರಲಿಲ್ಲ, ಹಿಂದಿನಿಂದ ನೂಕು ಜೋರಾಗಿಯೇ ಇತ್ತು. ದಾರಿಯೇ ಇಕ್ಕಟ್ಟು.

ಅರ್ಧ ಸರಕು ಇಳಿಯುವಷ್ಟರಲ್ಲಿ ನೀರು ಇಳಿಯತೊಡಗಿತು. ವರ್ತಕ ಇನ್ನೊಂದು ಹಲಗೆ ತರಿಸಿದ. ಸಿಕ್ಕಿದ್ದು ಮೊದಲನೆಯದಕ್ಕಿಂತ ಸಪೂರ, ಮೇಲಾಗಿ ಸೊಟ್ಟ. ದಡದ ಕೆಸರು ತಪ್ಪಲಿ, ಮೇಲೆ ನಿಂತಿದ್ದ ಬಂಡಿಯ ತನಕ ನೇರ ಹೋಗಲಿ ಎಂದು ವರ್ತಕನ ಗುಮಾಸ್ತ ಅದನ್ನು ಮೊದಲ ಹಲಗೆಯ ತುದಿಗೆ ಕಟ್ಟಿಸಿದ. ಈಗ ಪ್ರತಿಯೊಬ್ಬನೂ ಎರಡು ಹಲಗೆ ದಾಟಬೇಕಾಯಿತು. ಸಾಲು ಆಮೆಯ ನಡಿಗೆಗೆ ಬಂತು.

ದೋಣಿಯವ ನಕ್ಕ. "ಏನು ಸಾಹುಕಾರ್ರೇ, ಇದ್ದ ತೊಡಕು ಸಾಲದೆ ದುಡ್ಡು ಕೊಟ್ಟು ಇನ್ನೊಂದು ತೊಡಕು ತರಿಸಿದಿರಾ? ಅರ್ಧ ಬೆಲ್ಲ ನಮ್ಮ ಮನೆಗೇ ಅಂತ ಕಾಣುತ್ತೆ!"

"ಹಲಗೆಯದೇನೂ ತಪ್ಪಿಲ್ಲ, ಇಟ್ಟ ಜಾಗ ತಪ್ಪು," ಎಂದ ವರ್ತಕ. ಗಂಟು ಬಿಚ್ಚಿಸಿ, ಆ ಹಲಗೆಯ ಒಂದು ತುದಿಯನ್ನು ದೋಣಿಗೂ ಇನ್ನೊಂದನ್ನು ದಡಕ್ಕೂ ಊರಿಸಿದ.

ಸಾಲು ಎರಡಾಯಿತು. ಸೊಟ್ಟ ಹಲಗೆಯ ಮೇಲೆ ಹಮಾಲಿಗಳು ತಡವರಿಸಿದರು, ನಿಧಾನಿಸಿದರು, ಆದರೆ ದಾಟಿದರು. ಹಳೆಯ ಹಲಗೆಯ ವೇಗ ಅದರಿಂದ ಎಳ್ಳಷ್ಟೂ ತಗ್ಗಲಿಲ್ಲ. ನೀರು ಗುರುತು ಮುಟ್ಟಲು ನಾಲ್ಕು ಬೆರಳು ಬಾಕಿಯಿರುವಾಗ ಕೊನೆಯ ಮೂಟೆ ದಡಕ್ಕೆ ಬಿತ್ತು. ಹಮಾಲಿಗಳು ಹೋ ಎಂದು ಕೂಗಿ ಟವೆಲ್ಲು ಬೀಸಿದರು. ದೋಣಿಯವನ ಪಾಲಿಗೆ ತಳಕ್ಕೆ ಅಂಟಿದ ಬೆಲ್ಲ ಮಾತ್ರ ಉಳಿಯಿತು.

ಶಿಷ್ಯೆ ಸುರುಳಿಗಳನ್ನು ನೋಡಿದಳು, ಬೆಳಗುತ್ತಿದ್ದ ಬಲ್ಬನ್ನು ನೋಡಿದಳು. ಆದರೂ ಪಟ್ಟು ಬಿಡಲಿಲ್ಲ. "ಏನೇ ಅನ್ನಿ, ಆ ಎರಡನೆಯದು ಕೆಟ್ಟ ಹಲಗೆಯೇ ಅಲ್ಲವೇ?"

"ಕೆಟ್ಟದ್ದೇ ಮಗಳೇ; ಅದು ದಾಟಿಸಿದ ಅರವತ್ತು ಮೂಟೆ ಬೆಲ್ಲ ಮಾತ್ರ ಸಿಹಿಯಾಗಿಯೇ ಇತ್ತು."